ಮೂರು ವರ್ಷದ ಕೂಸಿಗೆ ಸರ್ಕಾರದ ಲೆಕ್ಕದಲ್ಲಿ ಎಷ್ಟು ಪೈಸೆ?

(ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ರಾಜ್ಯೋತ್ಸವದ ಸಂಜೆ, ಹಬ್ಬಕ್ಕೆಂದು ಊರಿಗೆ ಬಂದಿದ್ದ ಯುವಕ ಯುವತಿಯರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ. ಅಂದು ಬರಲಾಗದ ಓದುಗರಿಗಾಗಿ ಅವರೇ ತಿದ್ದಿ ಕೊಟ್ಟಿದ್ದಾರೆ.)



ನಾನು ಭಾಷಣಕಾರನಲ್ಲ. ಪಿಯುಸಿವರೆಗೆ ಓದಿ, ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಪ್ರೆಸ್ ಇಟ್ಟುಕೊಂಡು ಬದುಕುತ್ತಿರುವವನು. ಹುಟ್ಟಿ ಬೆಳೆದದ್ದು ಇದೇ ಕುಪ್ಪೇಲೂರಿನಲ್ಲಿ. ನಾನು ಕಾಲೇಜಿನಲ್ಲಿದ್ದಾಗ, 1997ರಲ್ಲಿ, ನಮ್ಮ ತಾಲ್ಲೂಕು ಧಾರವಾಡ ಜಿಲ್ಲೆಯಿಂದ ಹೊರಬಂದು ಹೊಸ ಹಾವೇರಿ ಜಿಲ್ಲೆಗೆ ಸೇರಿತು. ಆಗ ರಜೆ ಬಂತೆಂದರೆ ಸಂಬಂಧಿಕರ ಪ್ರೆಸ್ಸಿನಲ್ಲಿ ನಿಂತು ಮೊಳೆ ಜೋಡಿಸುವುದನ್ನು ಕಲಿಯುತ್ತಿದ್ದೆ. ಸೀಸದ ಮೊಳೆ ಹೋಯಿತು, ಟ್ರೆಡಲ್ ಹೋಯಿತು, ಆಫ್‌ಸೆಟ್ ಬಂತು, ಡಿಟಿಪಿ ಬಂತು. ಕನ್ನಡದ ಅಕ್ಷರ ಮಾತ್ರ ನನ್ನ ಕೈ ಬಿಡಲಿಲ್ಲ. ಅದರ ಅನ್ನ ತಿಂದವನು ನಾನು. ಆ ಋಣದಿಂದ ನಾಲ್ಕು ಮಾತು ಹೇಳುತ್ತೇನೆ.

ನೀವು ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ದುಡಿಯುವವರು. ಅಂಗಡಿಯ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇಲ್ಲದಿದ್ದರೆ ಸಿಡಿದೇಳುತ್ತೀರಿ. ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಇಲ್ಲದಿದ್ದರೆ ಮ್ಯಾನೇಜರ್ ಮುಂದೆ ಹೋಗಿ ನಿಲ್ಲುತ್ತೀರಿ. ನಿಮ್ಮ ಹೋರಾಟಕ್ಕೆ ನನ್ನ ನಮಸ್ಕಾರ. ಆದರೆ ಒಂದು ಪ್ರಶ್ನೆ. ಇಪ್ಪತ್ತು ವರ್ಷದ ನಂತರ ಆ ಫಲಕವನ್ನು ಓದುವವರು ಯಾರು? ಇವತ್ತು ಮೂರು ವರ್ಷದ ಕೂಸಾಗಿರುವವರು. ಆ ಕೂಸು ಈಗ ಎಲ್ಲಿ ಕೂತಿದೆ, ಯಾವ ಭಾಷೆಯಲ್ಲಿ ಹಾಡು ಕೇಳುತ್ತಿದೆ, ಅದಕ್ಕಾಗಿ ನಮ್ಮ ಸರ್ಕಾರಗಳು ಎಷ್ಟು ಖರ್ಚು ಮಾಡುತ್ತಿವೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ನನ್ನ ಪ್ರೆಸ್ಸಿನ ಬೇಸಿಗೆ

ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಪ್ರೆಸ್ಸಿಗೆ ಎರಡು ಸುಗ್ಗಿ. ಒಂದು ಮದುವೆ ಕಾರ್ಡು. ಇನ್ನೊಂದು ‘ಎಲ್‌ಕೆಜಿ, ಯುಕೆಜಿ ಪ್ರವೇಶ ಆರಂಭವಾಗಿದೆ’ ಎಂಬ ಕರಪತ್ರ. ಬಣ್ಣ ಬಣ್ಣದ ಕಾಗದ, ಟೈ ಕಟ್ಟಿದ ಮಗುವಿನ ಚಿತ್ರ, ವ್ಯಾನಿನ ಚಿತ್ರ. ಪೇಪರ್ ಹಾಕುವ ಹುಡುಗರು ಅದನ್ನು ಪತ್ರಿಕೆಯೊಳಗೆ ಸೇರಿಸಿ ಮನೆಮನೆಗೆ ಎಸೆಯುತ್ತಾರೆ. ಜೂನ್ ಬಂದರೆ ಫೀ ರಸೀದಿ ಬುಕ್ಕು, ಗುರುತಿನ ಚೀಟಿ, ಡೈರಿ. ನಾಯಿಕೊಡೆಗಳಂತೆ ಕಾನ್ವೆಂಟುಗಳು ಎದ್ದವು ಎಂದು ನಾವು ವೇದಿಕೆಯ ಮೇಲೆ ಬೈಯುತ್ತೇವೆ. ಆ ನಾಯಿಕೊಡೆಗಳ ಕರಪತ್ರದಿಂದ ನನ್ನ ಮನೆಯ ಒಲೆ ಉರಿದಿದೆ. ಸುಳ್ಳು ಹೇಳಲಾರೆ.

ಇಷ್ಟು ವರ್ಷಗಳಲ್ಲಿ ಒಂದೇ ಒಂದು ಅಂಗನವಾಡಿಯೂ ನನ್ನಲ್ಲಿ ಕರಪತ್ರ ಮಾಡಿಸಿಲ್ಲ. ‘ನಮ್ಮಲ್ಲಿಗೆ ಮಕ್ಕಳನ್ನು ಕಳಿಸಿರಿ’ ಎಂದು ಹೇಳಿಕೊಳ್ಳಲು ಅವರಿಗೆ ದುಡ್ಡಿಲ್ಲ.

ಇನ್ನೊಂದು ಮಾತು, ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. 2014ರ ಜೂನ್‌ನಲ್ಲಿ ನನ್ನ ಮಗಳನ್ನು ನಾನೂ ಒಂದು ಕಾನ್ವೆಂಟಿನ ಎಲ್‌ಕೆಜಿಗೆ ಹಾಕಿದೆ. ಶಾಲೆಯ ಹೆಸರು ಬೇಡ. ಆ ವರ್ಷ ಆ ಶಾಲೆಯ ಡೈರಿ ಮುದ್ರಿಸಿದವನೂ ನಾನೇ. ಡೈರಿಯ ನಿಯಮಗಳ ಪುಟದಲ್ಲಿ ಒಂದು ಸಾಲಿತ್ತು: ಶಾಲೆಯ ಆವರಣದಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಮಾತ್ರ ಮಾತನಾಡಬೇಕು. ಪ್ರೂಫ್ ನೋಡುವಾಗ ಕಾಗುಣಿತದ ತಪ್ಪು ಹುಡುಕಿದೆನೇ ಹೊರತು ಆ ಸಾಲಿನ ಅರ್ಥ ನನ್ನ ತಲೆಗೆ ಹೋಗಲಿಲ್ಲ.

ದಸರಾ ರಜೆಗೆ ಮಗಳನ್ನು ಕರೆದುಕೊಂಡು ಇದೇ ಕುಪ್ಪೇಲೂರಿಗೆ ಬಂದೆ. ನಮ್ಮ ಅವ್ವ ಅಂಗಳದಲ್ಲಿ ಕೂತು ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಮಾತಾಡಿಸಿದಳು. ಕೂಸು ಬಾಯಿ ಬಿಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿತು: “ಅಪ್ಪಾ, ಇಲ್ಲಿ ಕನ್ನಡ ಮಾತಾಡಿದ್ರ ನಡೀತೈತೇನು?”

ಗೆಳೆಯರೇ, ಕುಪ್ಪೇಲೂರಿನ ಅಂಗಳದಲ್ಲಿ, ಅಜ್ಜಿಯ ಮುಂದೆ, ಕನ್ನಡ ಮಾತಾಡಲು ನಾಲ್ಕು ವರ್ಷದ ಕೂಸು ಅಪ್ಪಣೆ ಕೇಳಿತು. ಆ ನಿಯಮವನ್ನು ಅಚ್ಚು ಹಾಕಿದ ಕೈ ನನ್ನದು.

ಬೈದರೆ ಸಾಲದು, ಕಾರಣ ನೋಡಿ

ನಾನೇಕೆ ಹಾಗೆ ಮಾಡಿದೆ? ಇಂಗ್ಲಿಷ್ ವ್ಯಾಮೋಹ ಎನ್ನುತ್ತೀರಿ. ಸ್ವಲ್ಪ ಇತ್ತು, ಒಪ್ಪುತ್ತೇನೆ. ಆದರೆ ಅದಕ್ಕೆ ಮೊದಲು ನಾನೂ ನನ್ನ ಹೆಂಡತಿಯೂ ನಮ್ಮ ಓಣಿಯ ಅಂಗನವಾಡಿಗೆ ಹೋಗಿದ್ದೆವು. ಬಾಡಿಗೆಯ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಕಾಳಿನ ಚೀಲ, ನಡುವೆ ಚಾಪೆಯ ಮೇಲೆ ಮಕ್ಕಳು. ಶೌಚಾಲಯವಿಲ್ಲ. ಕಾರ್ಯಕರ್ತೆ ಒಳ್ಳೆಯ ಹೆಣ್ಣುಮಗಳು. ಆಕೆ ಹೇಳಿದ್ದು ಇಷ್ಟು: “ಅಣ್ಣಾರ, ಪಾಠ ಮಾಡಾಕ ನನಗೂ ಆಸೆ ಐತ್ರಿ. ಆದ್ರ ಸರ್ವೆ, ತೂಕ, ಚುಚ್ಚುಮದ್ದು, ರಿಜಿಸ್ಟರ್ ಮುಗಿಯೂದ್ರಾಗ ಕೂಸುಗಳು ಮನಿಗೆ ಹೊಂಟಿರ್ತಾವು.”

ಮಗುವನ್ನು ಎಲ್ಲಿಗೆ ಕಳಿಸಬೇಕೆಂದು ತಾಯಿ ಯೋಚಿಸುವಾಗ ಮೊದಲು ನೋಡುವುದು ಆ ಕೋಣೆಯನ್ನು. ಭಾಷೆಯ ಪ್ರಶ್ನೆ ಆಮೇಲೆ. ಆ ಕೋಣೆಯಲ್ಲಿ ನಮ್ಮ ಸರ್ಕಾರಗಳು ದುಡ್ಡು ಹಾಕಲಿಲ್ಲ. ಕನ್ನಡ ಸೋತದ್ದು ಅಲ್ಲಿ. ಈಗ ಲೆಕ್ಕ ನೋಡೋಣ. ನನಗೆ ಬರುವುದು ಅಂಗಡಿ ಲೆಕ್ಕ, ಅದರಲ್ಲೇ ಹೇಳುತ್ತೇನೆ.

ನಮ್ಮ ಲೆಕ್ಕ

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇಂದು ನಮ್ಮ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ದೇಶದಲ್ಲಿ ಸುಮಾರು 14 ಲಕ್ಷ. ಇಷ್ಟು ದೊಡ್ಡ ಜಾಲ ಕಟ್ಟಿದ್ದು ಸಣ್ಣ ಕೆಲಸವಲ್ಲ. ಬಡವರ ಮಕ್ಕಳಿಗೆ ಹಾಲು, ಮೊಟ್ಟೆ, ಊಟ ಸಿಕ್ಕಿದೆ. ಅದಕ್ಕಾಗಿ ದುಡಿದ ತಾಯಂದಿರಿಗೆ ಕೈ ಮುಗಿಯಬೇಕು.

ಆದರೆ ಅಂಗನವಾಡಿಯ ಹೆಗಲ ಮೇಲೆ ಆರು ಕೆಲಸಗಳಿವೆ: ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಪಾಠ ಆರರಲ್ಲಿ ಒಂದು. ಅದಕ್ಕೆ ಆಟದ ಸಾಮಾನು, ಚಿತ್ರಪಟ, ಪುಸ್ತಕ ಕೊಳ್ಳಲು ಕೇಂದ್ರದ ನಿಯಮದಲ್ಲಿ ಒಂದು ಅಂಗನವಾಡಿಗೆ ವರ್ಷಕ್ಕೆ 5 ಸಾವಿರ ರೂಪಾಯಿ. ಇಪ್ಪತ್ತೈದು ಮಕ್ಕಳಿದ್ದರೆ ಒಂದು ಮಗುವಿಗೆ ವರ್ಷಕ್ಕೆ 200, ತಿಂಗಳಿಗೆ 17 ರೂಪಾಯಿ ಕೂಡ ಪೂರ್ತಿ ಬೀಳುವುದಿಲ್ಲ. ಒಂದು ಮಗುವಿನ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 6 ರೂಪಾಯಿ ಇದ್ದದ್ದನ್ನು 2017ರಲ್ಲಿ 8 ರೂಪಾಯಿ ಮಾಡಿದರು. ನಿಮ್ಮ ಬೆಂಗಳೂರಿನ ದರ್ಶಿನಿಯಲ್ಲಿ 8 ರೂಪಾಯಿಗೆ ಅರ್ಧ ಕಾಫಿಯಾದರೂ ಬರುತ್ತದೆಯೇ?

ಕಾರ್ಯಕರ್ತೆಗೆ ಕೊಡುವುದನ್ನು ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಅದನ್ನು ತಿಂಗಳಿಗೆ 3 ಸಾವಿರದಿಂದ 4,500ಕ್ಕೆ ಏರಿಸಿತು. ಅದರಲ್ಲೂ ಒಂದು ಪಾಲು ರಾಜ್ಯದ್ದು. ಅದರ ಮೇಲೆ ನಮ್ಮ ರಾಜ್ಯ ತನ್ನ ಕೈಯಿಂದ ಹೆಚ್ಚಿಗೆ ಸೇರಿಸುತ್ತದೆ. 2025ರ ಮಾರ್ಚ್‌ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ ಇನ್ನೂ 1 ಸಾವಿರ, ಸಹಾಯಕಿಯರಿಗೆ 750 ಏರಿಸಿತು. ಒಳ್ಳೆಯದೇ. ಆದರೆ ಬೀದಿಗಿಳಿದು ಧರಣಿ ಕೂರದೆ ಅವರಿಗೆ ಎಂದಾದರೂ ಏನಾದರೂ ಸಿಕ್ಕಿದೆಯೇ? ಇವರು ಗ್ರಾಚ್ಯುಟಿಗೆ ಅರ್ಹರು ಎಂದು ಹೇಳಿಸಿಕೊಳ್ಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ಈಗ ಒಟ್ಟು ಮೊತ್ತ. 2024-25ರ ಕೇಂದ್ರ ಬಜೆಟ್‌ನಲ್ಲಿ ಅಂಗನವಾಡಿ ಮತ್ತು ಪೋಷಣ್ ಯೋಜನೆಗೆ ಇಟ್ಟದ್ದು 21,200 ಕೋಟಿ. ಕೇಳಲು ದೊಡ್ಡದು. 14 ಲಕ್ಷ ಕೇಂದ್ರಗಳಿಗೆ ಹಂಚಿದರೆ ಒಂದಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ. ಊಟ, ಗೌರವಧನ, ತೂಕದ ಯಂತ್ರ, ಬಸುರಿ ಬಾಣಂತಿಯರ ಆರೈಕೆ ಎಲ್ಲ ಅದರೊಳಗೇ. ಆ ವರ್ಷ ದೇಶದ ಒಟ್ಟು ಉತ್ಪನ್ನ ಸುಮಾರು 330 ಲಕ್ಷ ಕೋಟಿ. ಅಂದರೆ ದೇಶ ಗಳಿಸುವ ಪ್ರತಿ ನೂರು ರೂಪಾಯಿಯಲ್ಲಿ ಇದಕ್ಕೆ ಹೋದದ್ದು ಆರೂವರೆ ಪೈಸೆ. ರಾಜ್ಯಗಳೂ ಅಷ್ಟೇ ಹಾಕುತ್ತವೆ ಎಂದು ಧಾರಾಳವಾಗಿ ಹಿಡಿದರೂ 13 ಪೈಸೆ. ಹೊಟ್ಟೆಯ ಲೆಕ್ಕ, ಮದ್ದಿನ ಲೆಕ್ಕ ತೆಗೆದರೆ ಅಕ್ಷರದ ಪಾಲಿಗೆ ಏನು ಉಳಿಯಿತು? ನೀವೇ ಕೂಡಿ ಕಳೆಯಿರಿ.

ಇನ್ನೊಂದು ದೇಶದ ಲೆಕ್ಕ

ಈಗ ದೂರದ ಒಂದು ದೇಶದ ಮಾತು. ನ್ಯೂಜಿಲೆಂಡ್ ಎಂದರೆ ನಿಮಗೆ ಕ್ರಿಕೆಟ್ ನೆನಪಾಗುತ್ತದೆ. ಅಲ್ಲಿನ ಮೂಲನಿವಾಸಿಗಳು ಮಾವೋರಿ ಜನ. ಅವರಿಗೊಂದು ಭಾಷೆ. ಇಂಗ್ಲಿಷರು ಬಂದರು, ಶಾಲೆಗಳು ಬಂದವು, ಮಾವೋರಿ ಮಾತಾಡಿದ ಮಕ್ಕಳಿಗೆ ಶಾಲೆಯಲ್ಲಿ ಹೊಡೆತ ಬಿತ್ತು. 1913ರಲ್ಲಿ ಶಾಲೆಗೆ ಹೋಗುವ ಮಾವೋರಿ ಮಕ್ಕಳಲ್ಲಿ ನೂರಕ್ಕೆ 90 ಮಂದಿಗೆ ಅವರ ಭಾಷೆ ಬರುತ್ತಿತ್ತು. 1975ರ ಹೊತ್ತಿಗೆ ನೂರಕ್ಕೆ 5 ಮಂದಿಗೂ ಬರುತ್ತಿರಲಿಲ್ಲ. ಒಂದೇ ಒಬ್ಬ ಮನುಷ್ಯನ ಆಯುಷ್ಯದೊಳಗೆ ಭಾಷೆ ಆರಿಹೋಗುವ ಹಂತಕ್ಕೆ ಬಂತು.

ಆಗ ಅವರ ಹಿರಿಯರು ಕೂತು ಯೋಚಿಸಿದರು. 1982ರ ಏಪ್ರಿಲ್‌ನಲ್ಲಿ, ರಾಜಧಾನಿ ವೆಲಿಂಗ್ಟನ್ ಬಳಿಯ ವೈನುಯೊಮಾಟದಲ್ಲಿ ಒಂದು ಶಿಶುವಿಹಾರ ತೆರೆದರು. ‘ಕೋಹಂಗಾ ರೆಯೊ’ ಎಂದು ಹೆಸರು, ಅಂದರೆ ಭಾಷೆಯ ಗೂಡು. ಅಜ್ಜ ಅಜ್ಜಿಯರೇ ಅಲ್ಲಿನ ಗುರುಗಳು. ಅಡುಗೆ, ಆಟ, ಜೋಗುಳ, ಬೈಗುಳ ಎಲ್ಲವೂ ಮಾವೋರಿಯಲ್ಲೇ. 1990ರ ದಶಕದ ನಡುವಿನ ಹೊತ್ತಿಗೆ ಇಂಥ ಗೂಡುಗಳು ಸುಮಾರು 800 ಆದವು, ಅವುಗಳಲ್ಲಿ 14 ಸಾವಿರ ಮಕ್ಕಳು. 1987ರಲ್ಲಿ ಸರ್ಕಾರ ಮಾವೋರಿಯನ್ನು ಅಧಿಕೃತ ಭಾಷೆ ಮಾಡಿತು. ಗೂಡು ಮೊದಲು, ಕಾಯಿದೆ ಆಮೇಲೆ!

ಗೆಳೆಯರೇ, 1982 ಎಂದರೆ ನಮಗೆ ಏನು? ಗೋಕಾಕ್ ಚಳವಳಿ! ನಾನಾಗ ತೊಟ್ಟಿಲ ಕೂಸು. ಆ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ನಮ್ಮ ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಡಾ. ರಾಜ್‌ಕುಮಾರ್ ಬೀದಿಗೆ ಬಂದರು, ನಾಡಿಗೆ ನಾಡೇ ಎದ್ದಿತು. ನಮ್ಮ ಬೇಡಿಕೆ ಹೈಸ್ಕೂಲಿನಲ್ಲಿ ಕನ್ನಡ ಪ್ರಥಮ ಭಾಷೆಯಾಗಬೇಕು ಎಂಬುದು. ಅದು ನ್ಯಾಯವಾದ ಬೇಡಿಕೆ. ಆದರೆ ಅದೇ ವರ್ಷ ಅವರು ತೊಟ್ಟಿಲ ಪಕ್ಕದಲ್ಲಿ ಕೆಲಸ ಶುರು ಮಾಡಿದರು, ನಾವು ಎಂಟನೇ ತರಗತಿಯ ಬಾಗಿಲಲ್ಲಿ ನಿಂತೆವು. ಕೆಳಗಿನ ಬಾಗಿಲು ಆಗ ತೆರೆದೇ ಇತ್ತು. ಅದರೊಳಗಿಂದ ಎಲ್‌ಕೆಜಿ ಬಂದು ಕೂತಿತು.

ಇನ್ನು ಅಲ್ಲಿನ ದುಡ್ಡಿನ ಮಾತು. ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 53 ಲಕ್ಷ. ನಮ್ಮ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 2011ರಲ್ಲಿ 96 ಲಕ್ಷ ಜನರಿದ್ದರು. ಆ ಪುಟ್ಟ ದೇಶದ ಸರ್ಕಾರ ಶಾಲೆಗೆ ಹೋಗುವ ಮೊದಲಿನ ಮಕ್ಕಳ ಶಿಕ್ಷಣಕ್ಕೆ ವರ್ಷಕ್ಕೆ 200 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡುತ್ತದೆ. ಅಲ್ಲಿನ ಡಾಲರಿಗೆ 50 ರೂಪಾಯಿ ಹಿಡಿದರೆ 10 ಸಾವಿರ ಕೋಟಿ. ನಮ್ಮ ಕೇಂದ್ರ ಸರ್ಕಾರ 14 ಲಕ್ಷ ಅಂಗನವಾಡಿಗಳಿಗೆ ಕೊಡುವ ಮೊತ್ತದಲ್ಲಿ ಹತ್ತಿರಹತ್ತಿರ ಅರ್ಧವನ್ನು ಅವರು ಸುಮಾರು ನಾಲ್ಕೂವರೆ ಸಾವಿರ ಕೇಂದ್ರಗಳಿಗೆ ಕೊಡುತ್ತಾರೆ. 2007ರ ಜುಲೈನಿಂದ ಮೂರು ನಾಲ್ಕು ವರ್ಷದ ಮಕ್ಕಳಿಗೆ ವಾರಕ್ಕೆ 20 ಗಂಟೆಯ ಖರ್ಚನ್ನು ಸರ್ಕಾರವೇ ಹೊರುವ ಏರ್ಪಾಟು ಬಂತು. ಕಿಂಡರ್‌ಗಾರ್ಟನ್ ಶಿಕ್ಷಕಿಗೂ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಸರಿಸಮ ವೇತನ ಎಂಬ ಒಪ್ಪಂದ 2002ರಲ್ಲೇ ಆಯಿತು. ನಮ್ಮಲ್ಲಿ ಆಕೆಗೆ ಗೌರವಧನ!

‘ಅವರು ಶ್ರೀಮಂತರು, ನಾವು ಬಡವರು’ ಎಂದು ಯಾರೋ ಹಿಂದಿನಿಂದ ಹೇಳಿದರು. ಸರಿಯಾದ ಮಾತು. ಅಲ್ಲಿ ಬಾಡಿಗೆ ಹೆಚ್ಚು, ಕೂಲಿ ಹೆಚ್ಚು, ರೂಪಾಯಿಗೆ ರೂಪಾಯಿ ತೂಗಬಾರದು. ಅದಕ್ಕೇ ಗಳಿಕೆಯಲ್ಲಿನ ಪಾಲನ್ನು ನೋಡಬೇಕು. ಮನೆಯಲ್ಲಿ ಹತ್ತು ಸಾವಿರ ಗಳಿಸುವವನೂ ಲಕ್ಷ ಗಳಿಸುವವನೂ ಮಗುವಿಗೆ ಒಂದೇ ಮೊತ್ತ ಕೊಡಲಾರರು. ಆದರೆ ತಮ್ಮ ತಮ್ಮ ಗಳಿಕೆಯಲ್ಲಿ ಎಷ್ಟು ಪಾಲು ಕೊಟ್ಟರು ಎಂಬುದರಲ್ಲಿ ಮನಸ್ಸು ಗೊತ್ತಾಗುತ್ತದೆ. ಅವರ ಪಾಲು ನೂರಕ್ಕೆ ಐವತ್ತು ಪೈಸೆಯ ಆಸುಪಾಸು. ನಮ್ಮದು ಊಟ, ಮದ್ದು ಎಲ್ಲ ಸೇರಿ, ಧಾರಾಳವಾಗಿ ಹಿಡಿದು, 13 ಪೈಸೆ. ಮಕ್ಕಳಾದರೋ ನಮ್ಮಲ್ಲೇ ಹೆಚ್ಚು. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನವರು ದೇಶದಲ್ಲಿ ಸುಮಾರು 16 ಕೋಟಿ.

ದುಡ್ಡಿನ ಜೊತೆ ನಿಯಮವೂ ಬೇಕು

ಹಾಗೆಂದು ಆ ದೇಶ ಸ್ವರ್ಗವಲ್ಲ. ಅದನ್ನೂ ಹೇಳದಿದ್ದರೆ ನಾನು ಕರಪತ್ರದ ಭಾಷೆ ಮಾತಾಡಿದಂತಾಗುತ್ತದೆ. 1990ರಲ್ಲಿ ಭಾಷೆಯ ಗೂಡುಗಳನ್ನು ಮಾವೋರಿ ಇಲಾಖೆಯಿಂದ ಶಿಕ್ಷಣ ಇಲಾಖೆಗೆ ವರ್ಗಾಯಿಸಿದರು. ಉಳಿದ ಶಿಶುವಿಹಾರಗಳಿಗೆ ಮಾಡಿದ ನಿಯಮಗಳೇ ಇವಕ್ಕೂ ಬಂದವು. ಪ್ರಮಾಣಪತ್ರ ಇರುವ ಶಿಕ್ಷಕರಿದ್ದರೆ ಹೆಚ್ಚು ಅನುದಾನ. ಆದರೆ ಗೂಡಿನ ಗುರು ಭಾಷೆ ಬಲ್ಲ ಅಜ್ಜಿ, ಆಕೆಗೆಲ್ಲಿಯ ಪ್ರಮಾಣಪತ್ರ? ದುಡ್ಡು ಬೇರೆ ಕಡೆ ಹರಿಯಿತು, ಗೂಡುಗಳು ಕಡಿಮೆಯಾದವು. ಅವರು ಸುಮ್ಮನೆ ಕೂರಲಿಲ್ಲ. ವೈಟಾಂಗಿ ನ್ಯಾಯಮಂಡಳಿಗೆ ದೂರು ಕೊಟ್ಟರು. ಸರ್ಕಾರ ತನ್ನ ಕರ್ತವ್ಯದಲ್ಲಿ ತಪ್ಪಿದೆ ಎಂದು 2012ರಲ್ಲಿ ಮಂಡಳಿ ಹೇಳಿತು. ಇಷ್ಟೆಲ್ಲ ಏಳುಬೀಳಿನ ನಡುವೆಯೂ 2023ರ ಜನಗಣತಿಯಲ್ಲಿ ಮಾವೋರಿ ಮಾತಾಡಬಲ್ಲೆವು ಎಂದವರು ಎರಡು ಲಕ್ಷಕ್ಕೂ ಹೆಚ್ಚು. ಎರಡು ಲಕ್ಷ ಜನರ ಭಾಷೆಗೆ ಅಷ್ಟು ಹೋರಾಟ. 2011ರ ಲೆಕ್ಕದಲ್ಲಿ ನಾಲ್ಕು ಕೋಟಿಗೂ ಮಿಕ್ಕಿದ ನಾವು ಮೈಮರೆತು ಕೂರಬೇಕೇ?

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಖಾಸಗಿ ಶಾಲೆಗಳಲ್ಲಿ ಕಡ್ಡಾಯವಾಗಿ ಕನ್ನಡ ಮಾಧ್ಯಮ ತನ್ನಿ ಎಂದು ನಾವು ಕೂಗುತ್ತಲೇ ಬಂದೆವು. 1994ರ ಏಪ್ರಿಲ್ 29ರಂದು ಸರ್ಕಾರ ಆದೇಶವನ್ನೂ ಹೊರಡಿಸಿತು: ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ. ಮೊಕದ್ದಮೆ ನಡೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ. ಆ ತೀರ್ಪು ಬಂದ ಮರುತಿಂಗಳೇ ನಾನು ಮಗಳನ್ನು ಎಲ್‌ಕೆಜಿಗೆ ಹಾಕಿದ್ದು.

ಆ ಬಾಗಿಲು ಮುಚ್ಚಿದೆ. ಆದರೆ ಸರ್ಕಾರ ತನ್ನ ದುಡ್ಡಿನಲ್ಲಿ, ತನ್ನ ಕಟ್ಟಡದಲ್ಲಿ, ಕನ್ನಡದ ಒಳ್ಳೆಯ ಶಿಶುವಿಹಾರ ನಡೆಸುವುದನ್ನು ಯಾವ ಕೋರ್ಟೂ ತಡೆದಿಲ್ಲ. ತಂದೆತಾಯಿ ಆರಿಸಿಕೊಳ್ಳಲಿ ಎಂದು ಕೋರ್ಟು ಹೇಳಿದರೆ, ಆರಿಸಿಕೊಳ್ಳಲು ಯೋಗ್ಯವಾದ ಕನ್ನಡದ ಕೋಣೆಯೊಂದು ಪ್ರತಿ ಓಣಿಯಲ್ಲಿ ಇರಬೇಕಲ್ಲ? 2020ರ ಶಿಕ್ಷಣ ನೀತಿಯೂ ಮೊದಲ ಕಲಿಕೆ ಮನೆಮಾತಿನಲ್ಲಿರಲಿ ಎನ್ನುತ್ತದೆ.

ಕಾನೂನಿನ ಒಂದು ಮೊಳೆ ಮಾತ್ರ ತಪ್ಪಾಗಿ ಕೂತಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14ರ ಮಕ್ಕಳಿಗೆ ಶಿಕ್ಷಣ ಕೊಡಲೇಬೇಕು ಎನ್ನುತ್ತದೆ. ಮೂರರಿಂದ ಆರರ ಮಕ್ಕಳ ವಿಷಯಕ್ಕೆ ಬಂದಾಗ, 11ನೇ ಕಲಮಿನಲ್ಲಿ, ಸರ್ಕಾರ ಏರ್ಪಾಟು ‘ಮಾಡಬಹುದು’ ಎನ್ನುತ್ತದೆ. ‘ಬಹುದು’ ತೆಗೆದು ‘ಬೇಕು’ ಕೂರಿಸಿ ಎಂದು ಕೇಳುವುದು ನಮ್ಮ ಹೋರಾಟವಾಗಬೇಕು. ಬಜೆಟ್‌ನಲ್ಲಿ ‘ಬಹುದು’ ಎಂಬ ಪದಕ್ಕೆ ದುಡ್ಡು ಬರುವುದಿಲ್ಲ.

ಈಗ ಸರ್ಕಾರವೂ ಎಚ್ಚೆತ್ತಂತೆ ಕಾಣುತ್ತದೆ. 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದವು. 2024ರ ಜೂನ್‌ನಲ್ಲಿ, ನಮ್ಮ ಮಕ್ಕಳನ್ನು ಶಾಲೆಗೆ ಎಳೆದರೆ ಅಂಗನವಾಡಿ ಖಾಲಿಯಾಗುತ್ತದೆ ಎಂದು ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಮರುತಿಂಗಳು ಅಲ್ಲಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರು ಬಂತು. ಹೆಸರು ಏನಾದರೂ ಇರಲಿ, ಒಳಗೆ ಮಗು ಕೇಳುವ ಭಾಷೆ ಯಾವುದು? ಕಾನ್ವೆಂಟಿನ ನಕಲನ್ನು ಬಿಟ್ಟಿಯಾಗಿ ಕೊಡುವುದಕ್ಕೇ ದುಡ್ಡು ಹಾಕುವುದಾದರೆ ಕನ್ನಡಕ್ಕೆ ಸಿಕ್ಕಿದ್ದೇನು? ಅದನ್ನು ಕೇಳಬೇಕಾದವರು ನೀವು.

ನಿಮ್ಮಿಂದ ಆಗುವ ಕೆಲಸ

ನಗರದ ಗೆಳೆಯರೇ, ಈ ಭಾನುವಾರ ಪೋಸ್ಟರ್ ಅಂಟಿಸಿ, ಬೇಡವೆನ್ನುವುದಿಲ್ಲ. ಸೋಮವಾರ ಒಂದು ತಾಸು ಬಿಡುವು ಮಾಡಿಕೊಂಡು ನಿಮ್ಮ ವಾರ್ಡಿನ ಅಂಗನವಾಡಿ ಎಲ್ಲಿದೆ ಎಂದು ಹುಡುಕಿ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅದು ಎಲ್ಲಿದೆ ಎಂದೇ ತಿಳಿಯದು. ಸ್ವಂತ ಕಟ್ಟಡವೋ ಬಾಡಿಗೆಯೋ? ಒಲೆಗೂ ಮಕ್ಕಳಿಗೂ ನಡುವೆ ಗೋಡೆ ಇದೆಯೇ? ಶೌಚಾಲಯ, ನೀರು ಇದೆಯೇ? ಆ ವರ್ಷದ 5 ಸಾವಿರದ ಕಲಿಕಾ ಸಾಮಾನು ಬಂತೇ, ಯಾವಾಗ ಬಂತು? ಕಾರ್ಯಕರ್ತೆಗೆ ದಿನಕ್ಕೆ ಎರಡು ತಾಸಾದರೂ ಮಕ್ಕಳ ಜೊತೆ ಕೂರಲು ಬಿಡುವು ಇದೆಯೇ? ಆಕೆಯನ್ನು ದಬಾಯಿಸಬೇಡಿ, ಆಕೆ ನಿಮ್ಮ ಕಡೆಯವಳು. ಉತ್ತರಗಳನ್ನು ಬರೆದುಕೊಂಡು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶಾಸಕರು ವೋಟು ಕೇಳಲು ಬಂದಾಗ ಆ ಕಾಗದ ಮುಂದಿಡಿ. ನಾಮಫಲಕಕ್ಕೆ ತೋರಿಸಿದ ಕಿಚ್ಚಿನಲ್ಲಿ ನಾಲ್ಕಾಣೆಯಷ್ಟನ್ನು ಇಲ್ಲಿ ತೋರಿಸಿದರೂ ಸಾಕು, ವಿಧಾನಸೌಧಕ್ಕೆ ಬಿಸಿ ಮುಟ್ಟುತ್ತದೆ.

ನನ್ನ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇನೆ. ಬರುವ ಏಪ್ರಿಲ್‌ನಿಂದ ರಾಣೆಬೆನ್ನೂರು ತಾಲ್ಲೂಕಿನ ಯಾವ ಅಂಗನವಾಡಿ ಕೇಳಿದರೂ ‘ನಮ್ಮಲ್ಲಿಗೆ ಮಕ್ಕಳನ್ನು ಕಳಿಸಿರಿ’ ಎಂಬ ಕರಪತ್ರವನ್ನು ಕಾಸು ತೆಗೆದುಕೊಳ್ಳದೆ ಮುದ್ರಿಸಿ ಕೊಡುತ್ತೇನೆ. ಮಕ್ಕಳ ಬಾಯಿಗೆ ಬೀಗ ಹಾಕುವ ಸಾಲಿರುವ ಡೈರಿ ಮಾತ್ರ ಇನ್ನು ನನ್ನ ಪ್ರೆಸ್ಸಿನಲ್ಲಿ ಅಚ್ಚಾಗುವುದಿಲ್ಲ. ಎರಡು ಗಿರಾಕಿ ಕಡಿಮೆಯಾಗಬಹುದು, ಆಗಲಿ.

ನನ್ನ ಮಗಳಿಗೆ ಈಗ ಹದಿನೈದು. ಎಲ್‌ಕೆಜಿ ವರ್ಷ ಮುಗಿದ ಮೇಲೆ ಅಲ್ಲಿಂದ ಬಿಡಿಸಿ ಕನ್ನಡ ಶಾಲೆಗೆ ಹಾಕಿದೆ. ಈ ಕರಪತ್ರದ ಮೊದಲ ಪ್ರೂಫನ್ನು ಅವಳೇ ನೋಡಿದ್ದಾಳೆ. ಎರಡು ಕಾಗುಣಿತದ ತಪ್ಪು ಹಿಡಿದಳು, ಎರಡೂ ನನ್ನವೇ.

ಜೈ ಕರ್ನಾಟಕ!